ಒಂದನೇ ತಾರೀಖಿನ ಸರಪಳಿ

ಟ್ರಾಫಿಕ್ ಪೊಲೀಸ್ ಕೆಲಸಕ್ಕೆ ಹೊಸದಾಗಿ ಸೇರಿದ ನಿಮಗೆ ತರಬೇತಿಯಲ್ಲಿ ಕಾನೂನು ಕಲಿಸಿರುತ್ತಾರೆ, ಸೀಟಿ ಊದುವುದನ್ನು ಕಲಿಸಿರುತ್ತಾರೆ. ಆದರೆ ‘ಎರಡ ಮಿನಿಟ್ರಿ ಸಾಹೇಬ್ರ’ ಎಂಬ ಮಾತಿಗೆ ಏನು ಉತ್ತರ ಕೊಡಬೇಕೆಂದು ಯಾರೂ ಕಲಿಸಿರುವುದಿಲ್ಲ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಮೂರೂ ಊರಿನ ರಸ್ತೆಯಲ್ಲಿ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡ ನಾನು ಆ ಎರಡು ಮಿನಿಟು ಮುಗಿದದ್ದನ್ನು ಒಮ್ಮೆಯೂ ಕಂಡಿಲ್ಲ. ಮದುವೆಯ ಸೀರೆ ಆರಿಸಲು ಹೋದವರಿಗೂ ಎರಡೇ ಮಿನಿಟು, ಹಲ್ಲು ಕೀಳಿಸಲು ಹೋದವರಿಗೂ ಎರಡೇ ಮಿನಿಟು.

ನನ್ನ ಹೆಸರು ಫಕ್ಕೀರಪ್ಪ, ನಿವೃತ್ತ ಎಎಸ್‌ಐ. ಕಾನ್‌ಸ್ಟೇಬಲ್ ಆಗಿದ್ದವನು ಎಎಸ್‌ಐ ಹೇಗಾದೆ ಎಂದು ಕೇಳಬೇಡಿ. ಸಾಯದೆ, ಸಸ್ಪೆಂಡ್ ಆಗದೆ ಉಳಿದರೆ ಎಲ್ಲರೂ ಆಗುತ್ತಾರೆ. ನಾನು ಹೇಳಬೇಕಾದದ್ದು ಬೇರೆ. ಮಕ್ತುಮಸಾಬ ಎಂಬ ಮನುಷ್ಯನ ಅಂಗಡಿ, ಆ ಅಂಗಡಿಯ ಮುಂದೆ ನಾಲ್ಕೈದು ಸ್ಕೂಟರ್ ನಿಲ್ಲುವಷ್ಟು ಜಾಗ, ಅದು ನನ್ನ ಕೈಯಿಂದ ಹೇಗೆ ಹಾಳಾಯಿತು ಎಂಬುದು. ಆದರೆ ಅದನ್ನು ಸ್ವಲ್ಪ ಸುತ್ತುಬಳಸಿ ಹೇಳುತ್ತೇನೆ. ಮೊದಲ ಸಾಲಿನಲ್ಲೇ ತಪ್ಪು ಒಪ್ಪಿಕೊಳ್ಳುವ ರೂಢಿ ನನಗೆ ಸರ್ವಿಸಿನಲ್ಲಿ ಆಗಲಿಲ್ಲ.

ಮಕ್ತುಮಸಾಬ ನನಗೆ ಮೊದಲು ಸಿಕ್ಕಿದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಊರಲ್ಲಿ ಡ್ಯೂಟಿ ಮಾಡುವುದೆಂದರೆ ಸೀನುವುದು. ಸೀಟಿ ಊದಲು ಉಸಿರು ಎಳೆದುಕೊಂಡರೆ ಸಾಕು, ಸೀಟಿಯ ಬದಲು ಸೀನು ಹೊರಡುತ್ತಿತ್ತು. ನಮ್ಮ ಆಗಿನ ಸಾಹೇಬರು ಮೂಗಿಗೆ ಕರ್ಚೀಪು ಕಟ್ಟಿಕೊಂಡೇ ಜೀಪಿನಿಂದ ಇಳಿದು ಕೈಸನ್ನೆಯಲ್ಲೇ ಬೈಯುತ್ತಿದ್ದರು. ಬೈದದ್ದು ಯಾರನ್ನು ಎಂದು ಕೊನೆಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಎಲ್ಲರೂ ನೆಮ್ಮದಿಯಾಗಿದ್ದೆವು.

ಆಗ ಮಶೀನು ಇಲ್ಲ, ಕ್ಯಾಮೆರಾ ಇಲ್ಲ. ನಮ್ಮ ಹತ್ತಿರ ಇದ್ದದ್ದು ಒಂದು ಚಾಕ್‌ಪೀಸು. ಗಾಡಿಯ ಟಾಯರಿನಿಂದ ನೆಲದವರೆಗೆ ಒಂದು ಗೀಟು ಎಳೆಯುವುದು, ಅರ್ಧ ತಾಸು ಬಿಟ್ಟು ಬಂದು ನೋಡುವುದು. ಗೀಟು ಕೂಡಿಕೊಂಡೇ ಇದ್ದರೆ ಗಾಡಿ ಅಲುಗಿಲ್ಲ ಎಂದರ್ಥ, ದಂಡ. ಇದು ಬಹಳ ಸೊಗಸಾದ ಪದ್ಧತಿ ಎಂದು ನನಗೆ ಅನ್ನಿಸಿತ್ತು. ಆದರೆ ನಾನು ತಿರುಗಿ ಬರುವಷ್ಟರಲ್ಲಿ ಮಾರುಕಟ್ಟೆ ಗೇಟಿನ ಬದಿಯ ಒಂದು ಗಾಡಿಗೂ ಗೀಟು ಇರುತ್ತಿರಲಿಲ್ಲ. ನನ್ನ ಕಣ್ಣಿಗೇ ಏನೋ ಆಗಿದೆ ಎಂದುಕೊಂಡು ಕಣ್ಣಿನ ಡಾಕ್ಟರರ ಹತ್ತಿರವೂ ಹೋಗಿ ಬಂದೆ.

ಒಂದು ದಿನ ಗೇಟಿನ ಪಕ್ಕದ ಪಂಕ್ಚರ್ ಅಂಗಡಿಯವನ ನೀರು ತುಂಬಿದ ತಗಡಿನ ಬುಟ್ಟಿ ಕಣ್ಣಿಗೆ ಬಿತ್ತು. ಟ್ಯೂಬು ಮುಳುಗಿಸುವ ನೀರು ಕಪ್ಪಗಿರಬೇಕು. ಇವನದು ಹಾಲಿನ ಹಾಗೆ ಬೆಳ್ಳಗಿತ್ತು.

“ಏನೋ ಇದು, ಬುಟ್ಟ್ಯಾಗ ಹಾಲು ಯಾವಾಗಿಂದ ಹಿಂಡಾಕತ್ತೀದಿ?” ಎಂದೆ.

ಅವನು ಒದ್ದೆ ಅರಿವೆ ಹಿಂಡುತ್ತ ಎದ್ದು ನಿಂತ. “ಸಾಹೇಬ್ರ, ಗೀಟು ಹಾಕೂದು ನಿಮ್ಮ ಧಂದೆ, ಚಕ್ರ ತೊಳಿಯೂದು ನನ್ನ ಧಂದೆ. ಒಬ್ಬರ ಧಂದೆದಾಗ ಒಬ್ಬರು ಯಾಕ ಕೈ ಹಾಕೂದ್ರಿ?”

ಸಿಟ್ಟು ಬರಬೇಕಿತ್ತು. ನಗು ಬಂತು, ನಗುವಿನ ಹಿಂದೆ ಸೀನು ಬಂತು. ನಮ್ಮ ಪರಿಚಯ ಆದದ್ದು ಹೀಗೆ. ಮಕ್ತುಮಸಾಬ ಐರಣಿ ಕಡೆಯವನು, ನನ್ನ ವಾರಿಗೆಯವನೇ. ಮುಂದೆ ಅವನು ಪಂಕ್ಚರ್ ಬಿಟ್ಟು ರಾಣೆಬೆನ್ನೂರಿನ ಪೇಟೆಯಲ್ಲಿ ಕಾರು-ಸ್ಕೂಟರುಗಳ ಸಾಮಾನಿನ ಅಂಗಡಿ ಇಟ್ಟ. ನಾನು ವರ್ಗವಾಗಿ ಹಾವೇರಿಗೆ ಹೋದೆ.

ಹಾವೇರಿಯಲ್ಲಿ ಚಾಕ್‌ಪೀಸು ಹೋಗಿ ಎತ್ತುವ ಗಾಡಿ ಬಂದಿತ್ತು. ಬಾಡಿಗೆಯ ಸಣ್ಣ ಲಗೇಜ್ ಗಾಡಿ, ಹಿಂದೆ ಇಬ್ಬರು ಗಟ್ಟಿ ಆಳು. ಅಡ್ಡ ನಿಂತ ಸ್ಕೂಟರನ್ನು ಅವರು ಜೋಳದ ಚೀಲದಂತೆ ಎತ್ತಿ ಒಗೆಯುತ್ತಿದ್ದರು. ಒಂದು ಮುಂಜಾನೆ ಆಸ್ಪತ್ರೆಯ ಗೇಟಿಗೆ ಅಡ್ಡ ನಿಂತಿದ್ದ ಸ್ಕೂಟರನ್ನು ಮುಟ್ಟಿದ್ದೇ ತಡ, ಅದು ಕುಂಯ್ಯೋ ಎಂದು ಬಾಯಿ ಮಾಡತೊಡಗಿತು. ಅಲಾರಮ್ಮು! ಠಾಣೆಯವರೆಗೂ ಅದು ಅಳುತ್ತಲೇ ಬಂತು. ದಾರಿಯುದ್ದಕ್ಕೂ ಜನ ನಮ್ಮನ್ನು ಕಳ್ಳರನ್ನು ನೋಡಿದಂತೆ ನೋಡಿದರು.

ನಾವು ಠಾಣೆ ಮುಟ್ಟುವ ಮೊದಲೇ ಅದರ ಮಾಲೀಕ ಅಲ್ಲಿ ನಿಂತಿದ್ದ. ಕೊರಳಲ್ಲಿ ಕ್ಷೌರದಂಗಡಿಯ ಬಿಳಿ ಬಟ್ಟೆ, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ.

“ಫೋನ್ ಹೇಳ್ತ್ರಿ ಸಾಹೇಬ್ರ, ಗಾಡಿ ಹೊಂಟೈತಿ ಅಂತ. ನೋಡಿದ್ರ ಪೊಲೀಸ್ ಸ್ಟೇಷನ್ ಕಡೆನ ಹೊಂಟೈತಿ! ಕಳ್ಳ ಭಾಳ ಧೈರ್ಯದಾವ ಅದಾನ ಅನಕೊಂಡ್ನಿ.”

“ಗಾಡಿ ಎಲ್ಲಿ ಹೊಂಟೈತಿ ಅಂತ ಹೇಳೂ ಮಶೀನು, ಎಲ್ಲಿ ನಿಲ್ಲಸಬಾರದು ಅಂತ ಹೇಳೂದಿಲ್ಲೇನು?”

“ಅಂಥಾದ್ದು ಮಕ್ತುಮಸಾಬ ಇನ್ನೂ ತರಸಿಲ್ರಿ” ಎಂದ ಅವನು, ಸಹಜವಾಗಿ. ಆ ಅಲಾರಮ್ಮು, ಆ ಟ್ರ್ಯಾಕರು ಎರಡೂ ರಾಣೆಬೆನ್ನೂರಿನ ಮಕ್ತುಮಸಾಬನವು. ಊರು ಬಿಟ್ಟರೂ ಆಸಾಮಿ ನನ್ನ ಬೆನ್ನು ಬಿಟ್ಟಿರಲಿಲ್ಲ.

ಇಂಥ ಸಾಮಾನುಗಳ ಬಗ್ಗೆ ನನ್ನನ್ನು ಕೇಳಿದರೆ ಹೇಳುವುದಿಷ್ಟೆ. ಅತಿ ಉಪಯೋಗದ ವಸ್ತು ಎಂದರೆ ಗಾಜಿನ ಒಳಗೆ ಇಡುವ ಫೋನ್ ನಂಬರಿನ ಚೀಟಿ. ಅಡ್ಡವಾದರೆ ಫೋನ್ ಮಾಡುತ್ತಾರೆ, ನೀವು ಬಂದು ತೆಗೆಯುತ್ತೀರಿ, ನಮಗೂ ಕೆಲಸ ಉಳಿಯುತ್ತದೆ. ಸೈಡ್ ಸ್ಟ್ಯಾಂಡ್ ಎತ್ತದಿದ್ದರೆ ಕೂಗುವ ಬಜರು ಎಷ್ಟೋ ಮೊಣಕಾಲು ಉಳಿಸಿದೆ. ಕಾರಿನ ಹಿಂದಿನ ಕ್ಯಾಮೆರಾ ಗೋಡೆಯನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಆ ಗೋಡೆಯ ಮೇಲೆ ಬರೆದದ್ದನ್ನು ಓದುವ ಬುದ್ಧಿಯನ್ನು ಕೊಡುವುದಿಲ್ಲ.

ಸರ್ವಿಸಿನ ಕೊನೆಯ ವರ್ಷಗಳಲ್ಲಿ ನನ್ನನ್ನು ರಾಣೆಬೆನ್ನೂರಿಗೆ ಹಾಕಿದರು. ಪೇಟೆಯ ಓಣಿ ಇಕ್ಕಟ್ಟು. ಎರಡೂ ಬದಿ ಗಾಡಿ ನಿಂತರೆ ನಡುವೆ ಎಮ್ಮೆ ಕೂಡ ಮೈ ಕುಗ್ಗಿಸಿಕೊಂಡು ಹೋಗಬೇಕು. ಅದಕ್ಕೆ ಸಮ-ಬೆಸ ನಿಯಮ ಮಾಡಿದರು. ಬೆಸ ತಾರೀಖಿನಂದು ಒಂದು ಬದಿ, ಸಮ ತಾರೀಖಿನಂದು ಎದುರು ಬದಿ. ಎರಡೂ ಕಡೆ ಬೋರ್ಡು ಇದ್ದವು. ಬೋರ್ಡುಗಳಿಗೆ ಜನ ಚೀಲ ನೇತುಹಾಕುತ್ತಿದ್ದರು.

ಮಕ್ತುಮಸಾಬನ ಅಂಗಡಿ ಬೆಸ ತಾರೀಖಿನ ಬದಿಗೆ. ಒಂದು ಹಾಸಿಗೆ ಹಾಸುವಷ್ಟು ಅಗಲ. ಒಳಗೆ ಫೋನ್ ಹೋಲ್ಡರು, ಸೀಟ್ ಕವರು, ಅಲಾರಮ್ಮು, ಗಾಳಿ ತುಂಬುವ ಪುಟ್ಟ ಪಂಪು ಎಲ್ಲ ತೂಗುತ್ತಿದ್ದವು. ಅವನು ಕೂರುತ್ತಿದ್ದದ್ದು ಮಾತ್ರ ಹೊರಗೆ, ಸ್ಕೂಟರುಗಳ ಪಕ್ಕ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು.

“ಸಾಮಾನು ಒಳಗೈತಿ, ಧಂದೆ ಹೊರಗೈತ್ರಿ ಸಾಹೇಬ್ರ” ಎನ್ನುತ್ತಿದ್ದ. “ಹೋಲ್ಡರ್ ತಗೊಂಡಾವಗ ಕೂರಸಿ ಕೊಡಬೇಕು. ಇಲ್ಲಿ ಗಾಡಿ ನಿಲ್ಲೂದು ಬಂದ್ ಆತಂದ್ರ ನನ್ನ ದುಕಾನೂ ಬಂದ್. ಸಮ ತಾರೀಖಿಗೆ ಹೆಂಗೋ ಸ್ಕ್ರೂಡ್ರೈವರ್ ಹಿಡಕೊಂಡು ಆ ದಂಡಿಗೆ ಓಡೇನು. ದಿನಾ ಓಡಂದ್ರ ಈ ಮೊಣಕಾಲು ಕೇಳೂದಿಲ್ಲ.”

ಗಿರಾಕಿಗಳಿಗೆ ಗೊಂದಲ ಆಗದಿರಲೆಂದು ಅವನು ಬಾಗಿಲಿಗೆ ಮಕ್ಕಳ ಸ್ಲೇಟಿನ ಪಾಟಿಯೊಂದನ್ನು ನೇತುಹಾಕಿದ್ದ. ದಿನಾ ಮುಂಜಾನೆ ಅದರ ಮೇಲೆ ತಾರೀಖು ದೊಡ್ಡದಾಗಿ ಬರೆದು ಕೆಳಗೆ ‘ಇವತ್ತು ಈ ಕಡೆ’ ಅಥವಾ ‘ಇವತ್ತು ಆ ಕಡೆ’ ಎಂದು ಹಾಕುತ್ತಿದ್ದ. ಒಂದು ಕಾಲಕ್ಕೆ ನನ್ನ ಗೀಟು ಅಳಿಸಿದ ಕೈಯೇ ಈಗ ನನ್ನ ನಿಯಮ ಬರೆಯುತ್ತಿತ್ತು.

ಎದುರು ಬದಿಯಲ್ಲಿ ಶೆಟ್ಟರ ಅರಿವೆ ಅಂಗಡಿ. ಶೆಟ್ಟರು ಓಣಿಯ ವ್ಯಾಪಾರಸ್ಥರ ಮುಖಂಡರು, ದೊಡ್ಡ ಕಾರಿನವರು. ಅವರ ಕಾರು ನಿಯಮ ಬಂದ ಮೊದಲ ವಾರವೇ ಬೆಸ ದಿನ ಸಮದ ಬದಿಗೆ ನಿಂತಿತ್ತು. ದಂಡ ಹಾಕಲು ಹೋದರೆ ಅವರು ಗೋಡೆಯ ಪಂಚಾಂಗದ ಕಡೆ ಬೆರಳು ತೋರಿಸಿದರು.

“ಇವತ್ತು ದ್ವಾದಶಿ ಅಲ್ರೀ? ಹನ್ನೆರಡು ಸಮಾ.”

“ಶೆಟ್ರ, ತಿಥಿ ಅಲ್ರಿ, ತಾರೀಖು ನೋಡಬೇಕು.”

“ನಮ್ಮ ಮನಿತನದಾಗ ಹೊಸಾ ಗಾಡಿ ತಂದದ್ದು ತಿಥಿ ನೋಡಿ, ಅಂಗಡಿ ತಗದದ್ದು ತಿಥಿ ನೋಡಿ. ನಿಲ್ಲಸಾಕ ಅಷ್ಟ ಇಂಗ್ಲಿಷ್ ತಾರೀಖೇನು?” ಎಂದವರು, ಸ್ವಲ್ಪ ಯೋಚಿಸಿ, ಖರೇವಂದ್ರೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು: “ಅದಿರ್ಲಿ, ಅಮಾಸಿ ಸಮನೋ ಬೆಸನೋ?”

ಆ ಕಥೆಯನ್ನು ಠಾಣೆಯಲ್ಲಿ ಹೇಳಿ ಹೇಳಿ ನಕ್ಕೆ. ಕ್ಯಾಲೆಂಡರ್ ನೋಡಲು ಬಾರದ ಮಂದಿ ಎಂದು ಆಡಿಕೊಂಡೆ. ಆಡಿಕೊಂಡವನೇ ಎಡವಿ ಬೀಳುವುದು ಎಂದರೆ ಏನೆಂದು ನನಗೆ ಆಮೇಲೆ ತಿಳಿಯಿತು.

ಸಮ-ಬೆಸ ನಿಯಮದಲ್ಲಿ ಒಂದು ಗುಂಡಿ ಇದೆ, ಹೊಸಬರು ನೆನಪಿಡಿ. ಮೂವತ್ತೊಂದು ಬೆಸ. ಮರುದಿನ ಒಂದನೇ ತಾರೀಖು, ಅದೂ ಬೆಸ. ಎರಡು ದಿನ ಬೆನ್ನು ಬೆನ್ನಿಗೆ ಒಂದೇ ಬದಿ.

ಅಂಥ ಒಂದು ಒಂದನೇ ತಾರೀಖಿನಂದು ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಪೇಟೆ ನೋಡಲು ಬರುವವರಿದ್ದರು. ಅವರಿಗೆ ಫೋಟೊ ಬಹಳ ಪ್ರೀತಿ. ಫೋಟೊ ಆಗದ ಕೆಲಸ ಕೆಲಸವೇ ಅಲ್ಲ. ಅವರಿಗೆ ತೋರಿಸಲೆಂದು ನಾನು ಹೊಸ ಉಪಾಯ ಹೂಡಿದ್ದೆ. ಎತ್ತುವ ಗಾಡಿ ಈ ಓಣಿಗೆ ನುಗ್ಗುವುದಿಲ್ಲ, ಆದ್ದರಿಂದ ಒಂದು ಉದ್ದನೆಯ ಸರಪಳಿ. ತಪ್ಪು ಬದಿಗೆ ನಿಂತ ಸ್ಕೂಟರುಗಳ ಚಕ್ರದೊಳಗೆ ಒಂದಾದ ಮೇಲೊಂದು ತೂರಿಸಿ ಕೊನೆಗೆ ಒಂದೇ ಬೀಗ. ನಿನ್ನೆ ಮಕ್ತುಮಸಾಬನ ಬದಿ ನಿಂತಿದ್ದವು, ಅಂದ ಮೇಲೆ ಇವತ್ತು ಶೆಟ್ಟರ ಬದಿ ಎಂದು ಲೆಕ್ಕ ಹಾಕಿ, ಮಕ್ತುಮಸಾಬನ ಅಂಗಡಿಯ ಮುಂದೆ ಸಾಲಾಗಿ ನಿಂತಿದ್ದ ಸ್ಕೂಟರುಗಳಿಗೆಲ್ಲ ಸರಪಳಿ ಹಾಕಿಬಿಟ್ಟೆ. ಎದುರು ಬದಿಯಲ್ಲಿ ಶೆಟ್ಟರ ಕಾರು ನಿಂತಿತ್ತು. ಅವರೂ ನನ್ನ ಹಾಗೆಯೇ ಬದಿ ಬದಲಿಸಿದ್ದರು. ಅಬ್ಬಾ, ಶೆಟ್ಟರಿಗೂ ಕೊನೆಗೆ ಬುದ್ಧಿ ಬಂತು ಎಂದು ನನಗೆ ಹೆಮ್ಮೆಯೂ ಆಯಿತು.

ಮಕ್ತುಮಸಾಬ ಬಾಯಿಂದ ಸ್ಕ್ರೂ ತೆಗೆದು ಮೆಲ್ಲಗೆ ಕೇಳಿದ: “ಸಾಹೇಬ್ರ, ಇವತ್ತ ತಾರೀಖು ಎಷ್ಟ್ರಿ?”

“ಪೊಲೀಸರಿಗೆ ತಾರೀಖು ಕಲಸಾಕ ಬಂದಿ? ಸುಮ್ಮನ ಕುಂದರು!” ಎಂದು ಇಡೀ ಓಣಿಗೆ ಕೇಳುವಂತೆ ಗದರಿದೆ.

ಅವನು ಸ್ಕ್ರೂ ಮತ್ತೆ ಬಾಯಿಗಿಟ್ಟುಕೊಂಡ. ಅಷ್ಟರಲ್ಲಿ ಓಣಿಯ ತುದಿಗೆ ಜೀಪು ಬಂತು. ಟೋಪಿ ಸರಿಮಾಡಿಕೊಳ್ಳಲು ತಲೆ ಎತ್ತಿದಾಗ ಬಾಗಿಲಿನ ಪಾಟಿ ಕಂಡಿತು. ‘1. ಇವತ್ತು ಈ ಕಡೆ.’ ನಿನ್ನೆ ಮೂವತ್ತೊಂದು! ಕೀಲಿಗಾಗಿ ಕಿಸೆಗೆ ಕೈ ಹಾಕಿದೆ. ಕೀಲಿ ಠಾಣೆಯ ಮೇಜಿನ ಮೇಲೆ ಉಳಿದಿತ್ತು.

ಸಾಹೇಬರು ಇಳಿದು ಸರಪಳಿ ನೋಡಿ ಹಿರಿ ಹಿರಿ ಹಿಗ್ಗಿದರು. ಅವರಿಗೂ ತಾರೀಖಿನ ನೆನಪಿರಲಿಲ್ಲ. “ಭೇಷ್ ಫಕ್ಕೀರಪ್ಪ! ನಿಲ್ಲು, ಫೋಟೊ” ಎಂದರು. ನನ್ನ ಕಣ್ಣು ಪಾಟಿಯ ಮೇಲೇ ಇತ್ತು. ಫೋಟೊದಲ್ಲಿ ಅದು ಬಂದರೆ ನನ್ನ ಮರ್ಯಾದೆ ಮೂರು ಕಾಸಿಗೆ. ಆಗ ಮಕ್ತುಮಸಾಬ ಏನೋ ಧೂಳು ಒರೆಸುವವನಂತೆ ಬಾಗಿಲಿಗೆ ಹೋಗಿ, ಪಾಟಿಯನ್ನು ತಿರುವಿ ಗೋಡೆಗೆ ಮುಖ ಮಾಡಿ ನೇತುಹಾಕಿದ.

“ಇವೆಲ್ಲ ನಿನ್ನ ಗಿರಾಕಿಗಳ ಗಾಡಿನಾ?” ಎಂದು ಸಾಹೇಬರು ಕೇಳಿದರು.

“ಹೌದ್ರಿ. ತಪ್ಪಾತ್ರಿ” ಎಂದ ಮಕ್ತುಮಸಾಬ.

ಫೋಟೊ ಆಯಿತು, ಜೀಪು ಹೋಯಿತು. ಸರಕಾರದ ಬೀಗವನ್ನು ಅವನೇ ತನ್ನ ತಂತಿಯಿಂದ ತೆಗೆದುಕೊಟ್ಟ, ನಾನು ಸರಪಳಿ ಬಿಡಿಸಿದೆ. ಗಿರಾಕಿಗಳು ನನ್ನನ್ನಲ್ಲ, ಅವನನ್ನು ಬೈದು ಹೋದರು. ನಾನು ಅವನಿಗೆ ‘ತಪ್ಪಾಯಿತು’ ಎಂಬ ಒಂದು ಮಾತು ಹೇಳಬೇಕಿತ್ತು. ಅದರ ಬದಲು “ಕೀಲಿ ತಗಿಯೂದರಾಗ ಭಾಳ ಪಳಗೀದಿ ಬಿಡು” ಎಂದು ಚೇಷ್ಟೆ ಮಾಡಿ ನಡೆದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿಗೆ ಮುಗಿದಿದ್ದರೆ ಇದೂ ಒಂದು ನಗುವ ಕಥೆ ಆಗುತ್ತಿತ್ತು. ಮುಂದಿನ ತಿಂಗಳು ಶೆಟ್ಟರ ಮುಂದಾಳುತನದಲ್ಲಿ ಅರ್ಜಿ ಬಂತು: ಸಮ-ಬೆಸ ಯಾರಿಗೂ ತಿಳಿಯುತ್ತಿಲ್ಲ, ಒಂದು ಬದಿಯನ್ನು ಖಾಯಂ ನೋ ಪಾರ್ಕಿಂಗ್ ಮಾಡಿ, ಇನ್ನೊಂದನ್ನು ಖಾಯಂ ಬಿಡಿ. ಯಾವ ಬದಿಗೆ ತಪ್ಪು ಹೆಚ್ಚು? ಸಾಹೇಬರ ಹತ್ತಿರ ಪುರಾವೆ ಇತ್ತು. ನನ್ನ ಸರಪಳಿಯ ಫೋಟೊ! ಅದರಲ್ಲಿ ಸಾಲು ಸ್ಕೂಟರು, ಸೆಲ್ಯೂಟಿನ ಭಂಗಿಯಲ್ಲಿ ನಾನು, ಹಿಂದೆ ಬಾಗಿಲಲ್ಲಿ ಬೆನ್ನು ತಿರುಗಿಸಿದ ಒಂದು ಪಾಟಿ.

ಸ್ಥಳ ವರದಿಗೆ ನಾನೇ ಸಹಿ ಹಾಕಬೇಕಿತ್ತು. ಅವತ್ತು ಆ ಗಾಡಿಗಳು ಸರಿಯಾಗಿಯೇ ನಿಂತಿದ್ದವು, ತಪ್ಪಿದ್ದು ನಾನು ಎಂದು ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಫೋಟೊದ ಮೇಲೆ ತಾರೀಖಿಲ್ಲ, ಪಾಟಿ ತಿರುಗಿದ್ದರಿಂದ ಬೇರೆ ಸಾಕ್ಷಿ ಇರಲಿಲ್ಲ, ನನ್ನ ಮಾತೊಂದೇ. ಆಗ ನನ್ನ ಪಿಂಚಣಿ ಕಾಗದ ಹಾವೇರಿಯಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ನಡೆಯುತ್ತಿತ್ತು. ಯಾಕೆ ಸುಮ್ಮನೆ ಕೆರ ಬಿಟ್ಟು ಮುಳ್ಳು ತುಳಿಯುವುದು ಎಂದುಕೊಂಡೆ. ಹೆದರಿದೆ, ಅಷ್ಟೆ. ಸಹಿ ಹಾಕಿದೆ. ಬೋರ್ಡು ಬಂತು, ನೆಟ್ಟಗೆ ಮಕ್ತುಮಸಾಬನ ಬಾಗಿಲಿನ ಎದುರಿಗೇ ಕಂಬ ಹುಗಿದರು.

ನನ್ನ ಬೀಳ್ಕೊಡುಗೆಯಲ್ಲಿ ಸಾಹೇಬರು ‘ಕಾನೂನಿಗೆ ತಲೆಬಾಗಿದ ಮನುಷ್ಯ’ ಎಂದು ನನ್ನನ್ನು ಹೊಗಳಿ ಶಾಲು ಹೊದಿಸಿದರು. ತಲೆ ಬಾಗಿತ್ತು ನಿಜ.

ನಿವೃತ್ತನಾದ ಮೇಲೆ ಮೊದಲ ಬಾರಿ ಸ್ವಂತಕ್ಕೆ ಸ್ಕೂಟರ್ ಕೊಂಡೆ. ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದು ಇಷ್ಟು ದೊಡ್ಡ ಕಷ್ಟ ಎಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಜೀಪಿಗೆ ಯಾರು ಕೇಳುತ್ತಾರೆ! ಸ್ಕೂಟರಿಗೆ ಫೋನ್ ಹೋಲ್ಡರ್ ಹಾಕಿಸಬೇಕೆಂದಾಗ ಸೊಸೆ, “ಮಾವಾರ, ಮನಿಗೇ ಬಂದು ಕೂರಸಿ ಕೊಡೋರು ಅದಾರ, ಫೋನ್ ಮಾಡತೀನಿ ತಡೀರಿ” ಎಂದಳು. ಮಧ್ಯಾಹ್ನ ಒಂದು ಹಳೆಯ ಸ್ಕೂಟರ್ ಗೇಟಿನ ಹೊರಗೆ ಬಂದು ನಿಂತಿತು. ಎರಡೂ ಬದಿಗೆ ಜೋತುಬಿದ್ದ ಚೀಲ, ಮೇಲೆ ಮಕ್ತುಮಸಾಬ.

ನನ್ನನ್ನು ಕಂಡು ಅವನು ಇಂಜಿನ್ ಬಂದ್ ಮಾಡಲಿಲ್ಲ. “ಸಾಹೇಬ್ರ ಮನೀನ ಇದು? ಗೊತ್ತಿರ್ಲಿಲ್ರಿ” ಎಂದ. ಆಮೇಲೆ ಕೇಳಿದ: “ಇಲ್ಲಿ ನಿಲ್ಲಸಬಹುದಲ್ರಿ?”

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಖರೇನೇ ಕೇಳಿದ. ನಾನು ಹೋಗಿ ಗೇಟು ಅಗಲಕ್ಕೆ ತೆರೆದೆ.

ಅಂಗಡಿ ಮುಚ್ಚಿದ್ದ. ಈಗ ಐರಣಿಯಿಂದ ಕುಮಾರಪಟ್ಟಣದವರೆಗೆ ಕರೆದಲ್ಲಿಗೆ ಹೋಗುತ್ತಾನೆ. ಅವನು ನನ್ನ ಹ್ಯಾಂಡಲ್ಲಿಗೆ ಹೋಲ್ಡರ್ ಬಿಗಿಯುತ್ತ ಕೂತಾಗ ತಡೆಯಲಾಗದೆ ಕೇಳಿದೆ.

“ಅವತ್ತ ಪಾಟಿ ಯಾಕ ತಿರುವಿ ಹಾಕಿದಿ ಮಕ್ತುಮಸಾಬ?”

ಅವನು ಕೈ ನಿಲ್ಲಿಸಲಿಲ್ಲ. “ನಿಮ್ಮ ಮಾರಿ ನೋಡಿದ್ನಿರಿ. ಮಂದ್ಯಾಗ ಮನುಷ್ಯಾನ ಮರ್ಯಾದಿ ಹೋಗಬಾರದು. ನೀವು ಆಮ್ಯಾಲೆ ಸಾವಕಾಶ ಬರದು ಕೊಡತೀರಿ ಅಂತ ಅನಕೊಂಡಿದ್ನಿ.”

ಅಷ್ಟೇ ಹೇಳಿದ. ಸ್ಕ್ರೂ ಬಿಗಿದು, ಫೋನ್ ಇಟ್ಟು ಅಲುಗಿಸಿ ನೋಡಿ, ಗಟ್ಟಿಯಾಗಿದೆ ಎಂದು ಹೇಳಿ ಹೋದ.

ಆ ವಾರ ನನಗೆ ಅನ್ನ ರುಚಿಸಲಿಲ್ಲ. ಕೊನೆಗೆ ಕೂತು ಒಂದು ಪುಟ ಬರೆದೆ. ಇಂಥ ತಿಂಗಳ ಒಂದನೇ ತಾರೀಖಿನಂದು ಸರಿಯಾದ ಬದಿಗೆ ನಿಂತಿದ್ದ ಗಾಡಿಗಳಿಗೆ ನಾನು ತಪ್ಪಾಗಿ ಸರಪಳಿ ಹಾಕಿದೆ, ಆ ಫೋಟೊ ಸುಳ್ಳು ಪುರಾವೆ, ಅದರ ಮೇಲಿನ ನನ್ನ ವರದಿಯೂ ಸುಳ್ಳು ಎಂದು. ಅದನ್ನು ತೆಗೆದುಕೊಂಡು ಠಾಣೆಗೆ ಹೋದೆ. ಹೊಸ ಪಿಎಸ್‌ಐ ಮೈಸೂರು ಕಡೆಯ ಹೆಣ್ಣುಮಗಳು. ಎರಡು ಸಲ ಓದಿದರು.

“ಸರ್, ಇದನ್ನ ಕೊಡ್ಲೇಬೇಕಾ? ನೀವು ರಿಟೈರ್ ಆಗಿದ್ದೀರ. ಯಾರೂ ಕೇಳ್ತಾನೂ ಇಲ್ಲ.”

“ಅದಕ್ಕ ಕೊಡಾಕ ಬಂದೇನ್ರಿ ಮೇಡಂ. ಕೇಳೋರು ಇದ್ದಾಗ ಕೊಡಾಕ ಆಗ್ಲಿಲ್ಲ.”

ಅವರು ಕಾಗದದ ಮೇಲೆ ಠಸ್ಸೆ ಒತ್ತಿದರು. “ಮರುಪರಿಶೀಲನೆಗೆ ಹಾಕ್ತೀನಿ. ಬೋರ್ಡ್ ತೆಗೀತಾರೆ ಅಂತ ಮಾತು ಕೊಡೋಕಾಗಲ್ಲ” ಎಂದು, ಕಿಟಕಿಯಾಚೆ ನೋಡಿ ಮೆತ್ತಗೆ ಸೇರಿಸಿದರು: “ಸರ್, ಆ ಸ್ಕೂಟರ್ ನಿಮ್ಮದಾ? ಗೇಟಿಗೆ ಅಡ್ಡ ಇದೆ.”

“ಎರಡ ಮಿನಿಟ್ರಿ ಮೇಡಂ” ಎಂದೆ. ಹೊರಗೆ ಬಂದು ಮೊದಲು ಸ್ಕೂಟರ್ ತೆಗೆದೆ.

ಅಲ್ಲಿಂದ ನೆಟ್ಟಗೆ ಮಕ್ತುಮಸಾಬನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತು ಚೀಲದ ಸಾಮಾನು ಹೊಂದಿಸುತ್ತಿದ್ದ. ಆ ಹಳೆಯ ಪಾಟಿ ಒಳಗಿನ ಗೋಡೆಗೆ ತೂಗುತ್ತಿತ್ತು, ಬರಿದಾಗಿ.

“ಬರದು ಕೊಟ್ಟು ಬಂದೆ. ಬೋರ್ಡು ಹೋಗತೈತೋ ಇಲ್ಲೋ ಗೊತ್ತಿಲ್ಲ. ನನ್ನ ತಪ್ಪು ಅಂತ ಬರದೇನಿ, ಸಹಿನೂ ಮಾಡೇನಿ” ಎಂದೆ.

ಅವನು ಹೆಂಡತಿಗೆ ಚಹಾ ಇಡಲು ಕೂಗಿ ಹೇಳಿ, ನನಗೆ ಕೂರಲು ಜಾಗ ಮಾಡಿಕೊಟ್ಟ. ಆಮೇಲೆ ಹುಬ್ಬಿನ ಕೆಳಗಿಂದ ನನ್ನನ್ನು ನೋಡಿ ಕೇಳಿದ:

“ಕೆಳಗ ತಾರೀಖು ಹಾಕೀರೇನ್ರಿ?”

“ಹಾಕೇನಿ.”

“ನೋಡಿ ಹಾಕೀರಿಲ್ಲೋ?”

ಉತ್ತರ ಕೊಡುವ ಮೊದಲು ನಾನು ಕಿಸೆಯಿಂದ ಫೋನ್ ತೆಗೆದು ನೋಡಿದೆ. ಸರಿ ಇತ್ತು.